ತಮ್ಮನ ಅಡಿಕೆ ಮಂಡಿಯ ಹಳೆಯ ಕಂಪ್ಯೂಟರ್: ಕುಮಟಾದಿಂದ ಅಕ್ಕನ ಉದ್ದ ಉತ್ತರ

ತಮ್ಮಾ, ಬೆಳಿಗ್ಗೆ ನೀನು ಮನೆಯವರ ಗುಂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಟೈಪ್ ಮಾಡುತ್ತ ಕುಳಿತರೆ ದೀಪ ಹಚ್ಚುವ ಹೊತ್ತಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಮೊದಲೊಮ್ಮೆ ಹೇಳಿದ್ದು ಅರ್ಧಕ್ಕೆ ನಿಂತಿತು. ಇಲ್ಲಿ ಕುಮಟಾದಲ್ಲಿ ಮಳೆ ಹಿಡಿದಿದೆ, ಕರೆಂಟಿನ ಬೆನ್ನಿಗೇ ನೆಟ್‌ವರ್ಕೂ ಹೋಗಿತ್ತು. ನಡುವೆ ಹಂಚಿನ ಮೇಲೆ ನೀರು ಬೀಳುವ ಸದ್ದು ಕೇಳಿದರೆ ಮೊಬೈಲ್ ಕೆಟ್ಟಿದೆ ಎಂದುಕೊಳ್ಳಬೇಡ.

ಗುಂಪಿನ ಉಳಿದವರಿಗೂ ತಿಳಿಯಲಿ. ಶಿರಸಿಯಲ್ಲಿ ಇವನು ಲೆಕ್ಕ ಬರೆಯುವ ಅಡಿಕೆ ಮಂಡಿಯಲ್ಲಿ ಬಿಲ್ಲಿಂಗ್ ನಡೆಯುವುದು ಫಾಕ್ಸ್‌ಪ್ರೋ ಎಂಬ ಹಳೆಯ ತಂತ್ರಾಂಶದಲ್ಲಿ ಬರೆದ, ವಿಂಡೋಸಿಗೂ ಹಿಂದಿನ ಡಾಸ್‌ನ ಪ್ರೋಗ್ರಾಂನಲ್ಲಿ. ಕಂಪ್ಯೂಟರ್ ವಿಂಡೋಸ್ 7, ಆಫೀಸ್ 2003. ಎಲ್ಲವನ್ನೂ ಹೊಸದು ಮಾಡಿಕೊಡುತ್ತೇನೆ ಎಂದು ಒಬ್ಬರು ಬಂದಿದ್ದಾರೆ. ಮಾಡಿಸಬೇಕೋ ಬೇಡವೋ ನೀನೇ ಹೇಳು ಎಂದು ಮಾಲೀಕರು ಇವನ ಕುತ್ತಿಗೆಗೆ ಕಟ್ಟಿದ್ದಾರೆ. ಅದಕ್ಕೆ ಭಾವ ಉತ್ತರಿಸಿದ್ದಾರೆ: "ಮುದಿ ಮರ ಇನ್ನೂ ಗೊನೆ ಬಿಡುತ್ತಿದೆಯಲ್ಲ, ಯಾಕೆ ಕಡಿಯುತ್ತೀ?"

ಭಾವ, ನಿಮ್ಮ ಮಾತನ್ನೇ ಹಿಡಿದು ಕೇಳುತ್ತೇನೆ. ನಿಮ್ಮ ತೋಟದಲ್ಲಿ ಮುದಿ ಮರ ಬಿದ್ದ ಮೇಲೆ ಸಸಿ ನೆಡುತ್ತೀರೋ, ಮರ ಇರುವಾಗಲೇ ಪಕ್ಕದಲ್ಲಿ ನೆಟ್ಟು, ಅದು ಫಸಲಿಗೆ ಬಂದ ಮೇಲೆ ಹಳೆಯದನ್ನು ತೆಗೆಯುತ್ತೀರೋ? ತಮ್ಮನಿಗೆ ನಾನು ಹೇಳುವುದೂ ಇಷ್ಟೇ. ಕಡಿಯಬೇಡ, ಆದರೆ ಸಸಿಯನ್ನು ಈ ಮಳೆಗಾಲದಲ್ಲೇ ನೆಡು.

ಈಗ ನೀನು ಹಾಕಿದ ಆ ಫೋಟೋ. ಬಿಲ್ಲಿನಲ್ಲಿ ಮೊತ್ತ ಇರಬೇಕಾದ ಕಡೆ ಸಾಲಾಗಿ ನಕ್ಷತ್ರ ಬಂದಿದೆಯಲ್ಲ, ಅದನ್ನು ನೋಡಿ ನನಗೆ ನಗುವೂ ಬಂತು, ಹಳೆಯ ಸಂಕಟವೂ ನೆನಪಾಯಿತು. ಅದು ಪ್ರಿಂಟರಿನ ದೋಷವಲ್ಲ. ಪ್ರೋಗ್ರಾಂ ಬರೆದವರು ಮೊತ್ತಕ್ಕೆಂದು ಆರು ಅಂಕಿ, ಒಂದು ಚುಕ್ಕೆ, ಪೈಸೆಗೆ ಎರಡು ಅಂಕಿ, ಇಷ್ಟೇ ಜಾಗ ಇಟ್ಟಿರಬೇಕು. ಆ ಕಾಲದ ದರಕ್ಕೆ ಅದು ಧಾರಾಳವಾಯಿತು. ಈಗ ಕ್ವಿಂಟಲಿಗೆ ಐವತ್ತು ಸಾವಿರ ಎಂದು ಹಿಡಿದರೆ, ರಾಶಿ ಎಂಬ ಕೆಂಪಡಿಕೆ ಇಪ್ಪತ್ತು ಕ್ವಿಂಟಲಿಗೆ ಹತ್ತು ಲಕ್ಷ, ಏಳು ಅಂಕಿ. ಅಂಕಿ ಹಿಡಿಸದೇ ಹೋದರೆ ಫಾಕ್ಸ್‌ಪ್ರೋ ನಕ್ಷತ್ರ ಹಾಕಿ ಸುಮ್ಮನಾಗುತ್ತದೆ. ನೀನು ಕಂಡುಕೊಂಡ ಉಪಾಯ, ಒಂದು ಲಾಟನ್ನು ಎರಡು ಬಿಲ್ ಮಾಡುವುದು, ನಮ್ಮ ಕಚೇರಿಯಲ್ಲಿ ನಾವೂ ಮಾಡಿದ್ದೆವು. ಆದರೆ ನಿಮ್ಮಂಥ ಐದು ಕೋಟಿಗಿಂತ ಹೆಚ್ಚಿನ ವಹಿವಾಟಿನ ಮಂಡಿ ಬೇರೆ ವ್ಯಾಪಾರಿಗೆ ಮಾರಿದರೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅಂದರೆ ಆ ಎರಡು ತುಂಡುಗಳನ್ನೂ ನೀನು ಮತ್ತೆ ಸರ್ಕಾರದ ಪೋರ್ಟಲ್‌ನಲ್ಲಿ ಕೈಯಾರೆ ತುಂಬುತ್ತಿದ್ದೀಯ. ಒಂದು ಲಾಟಿಗೆ ನಾಲ್ಕು ಸಲ ಕೈಕೆಲಸ! "ಹಳೆಯದು ಚೆನ್ನಾಗಿಯೇ ನಡೆಯುತ್ತಿದೆ" ಎಂದು ಮಾಲೀಕರು ಹೇಳುತ್ತಾರಲ್ಲ, ನಡೆಯುತ್ತಿರುವುದು ಅದಲ್ಲ ಮಾರಾಯ, ನೀನು.

ಇನ್ನೊಂದು ವಿಷಯ. ಆ ಕಂಪ್ಯೂಟರ್ ನಾಳೆ ಸತ್ತರೆ ಅಂಥದ್ದೇ ಇನ್ನೊಂದನ್ನು ತಂದಿಟ್ಟು ಮುಂದುವರಿಸುವಂತಿಲ್ಲ. ಡಾಸ್ ಕಾಲದ ಪ್ರೋಗ್ರಾಂ ಓಡುವುದು 32 ಬಿಟ್ ಎಂಬ ಹಳೆಯ ಬಗೆಯ ವಿಂಡೋಸಿನಲ್ಲಿ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಇದೆ, ಹಳೆಯ ಆಟಗಳಿಗೆಂದು ಮಾಡಿದ್ದು. ಅದರೊಳಗೆ ತೆರೆದು ಹಳೆಯ ಲೆಕ್ಕ ನೋಡಬಹುದು, ಬಿಲ್ ಮುದ್ರಿಸಲು ಅದನ್ನು ನೆಚ್ಚಬೇಡ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಉಚಿತ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿ 14ರಂದು, ಕ್ರೋಮ್ ಬ್ರೌಸರ್ ಅದರ ಕೈ ಬಿಟ್ಟದ್ದು 2023ರಲ್ಲಿ. ಅದೇ ಕಂಪ್ಯೂಟರಿನಲ್ಲಿ ಮಂಡಿಯ ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತಿದ್ದೀಯ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಇವತ್ತೇ ನಿಲ್ಲಿಸು. ಹಳೆಯದಕ್ಕೆ ಇಂಟರ್ನೆಟ್ ತಂತಿ ಬೇಡವೇ ಬೇಡ, ಬಿಲ್ ಹೊಡೆದುಕೊಂಡು ಇರಲಿ. ವಿಂಡೋಸ್ 10 ಇರುವ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ತಂದರೆ ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಕಾಲ ಮುಗಿದಿದೆ, ನೆನಪಿರಲಿ.

ಎಕ್ಸೆಲ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರತಿ ಚೀಲದ ತೂಕಕ್ಕೂ ಒಂದೊಂದು ಸಾಲು ಹಾಕಿ ವರ್ಷಗಳಿಂದ ಒಂದೇ ಹಾಳೆಯಲ್ಲಿ ಸೇರಿಸುತ್ತ ಬಂದಿದ್ದೀಯ. 2003ರ ಎಕ್ಸೆಲ್ ಹಾಳೆಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ. 2007ರಿಂದ ಈಚೆಗೆ ಅದು 10,48,576. ಇದೇನು ದೊಡ್ಡ ವಿಷಯ ಎನ್ನಬೇಡ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯವರು ಕೊರೋನಾ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ರೂಪವಾದ ಎಕ್ಸ್‌ಎಲ್‌ಎಸ್ ಕಡತಕ್ಕೆ ತುಂಬಿಸುತ್ತ ಹೋಗಿ, ಸಾಲು ತೀರಿ, 15,841 ಸೋಂಕಿತರು ಪಟ್ಟಿಯಿಂದ ಹೊರಗೇ ಉಳಿದಿದ್ದರು. ನಿನ್ನ ಹಾಳೆಯ ಕೊನೆಯ ಸಾಲಿನ ಸಂಖ್ಯೆ ಎಷ್ಟು? ನಾಳೆ ನೋಡಿ ಹೇಳು.

ಇನ್ನು ನಮ್ಮ ಕಚೇರಿಯ ಕಥೆ. ಯಾವ ಕಚೇರಿ ಎಂದು ಇಲ್ಲಿ ಹೇಳುವುದಿಲ್ಲ, ಮನೆಯವರಿಗೆಲ್ಲ ಗೊತ್ತು. ಅಲ್ಲಿ ತಂತ್ರಾಂಶ ಬದಲಾಯಿಸಲು ಆರಿಸಿಕೊಂಡದ್ದು ಮಾರ್ಚ್ ತಿಂಗಳನ್ನು! ಒಂದು ಕಡೆ ಚಾಲಿ ಅಡಿಕೆ ಬರುತ್ತಿದೆ, ಇನ್ನೊಂದು ಕಡೆ ವರ್ಷದ ಲೆಕ್ಕ ಮುಗಿಯಬೇಕು. ಸದಸ್ಯರ ಹೆಸರಿನ ಪಟ್ಟಿ ನಿನ್ನ ಹಾಗೆಯೇ ಎಕ್ಸೆಲ್‌ನಲ್ಲಿ, ಕನ್ನಡ ಟೈಪಿಂಗಿನ ಹಳೆಯ 'ನುಡಿ' ಫಾಂಟಿನಲ್ಲಿ ಇತ್ತು. ಹೊಸದಕ್ಕೆ ಸೇರಿಸಿದ ಮರುದಿನ ಒಬ್ಬ ಹಿರಿಯರು ಪಾಸ್‌ಬುಕ್ ಹಿಡಿದು ಬಂದರು. ಹೆಸರು ನಾರಾಯಣ ಎಂದು ಶುರುವಾಗುತ್ತದೆ. ತೆರೆದು ನೋಡಿದರೆ ನಾರಾಯಣನೂ ಇಲ್ಲ, ನರಸಿಂಹನೂ ಇಲ್ಲ. ಆ ಜಾಗದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ, ಅದರ ಹಿಂದೆ ತಲೆಯ ಮೇಲೆ ಗೀಟು ಎಳೆದುಕೊಂಡ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿ ಫಾಂಟಿನಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷಿನ ಸಂಕೇತಗಳನ್ನೇ, ಫಾಂಟ್ ಮೇಲೆ ಕನ್ನಡದ ವೇಷ ಹಾಕುತ್ತದೆ. ನಕಾರಕ್ಕೆ ಸಿಕ್ಕ ಮನೆ ಪೌಂಡಿನದು. ಹೊಸ ತಂತ್ರಾಂಶಕ್ಕೆ ಬೇಕಾದದ್ದು ಯುನಿಕೋಡ್, ಅಂದರೆ ಕನ್ನಡಕ್ಕೆ ಕನ್ನಡದ್ದೇ ಸಂಕೇತ; ಅಲ್ಲಿ ವೇಷ ಕಳಚಿತು. ಆ ಹಿರಿಯರು ಕನ್ನಡಕ ಏರಿಸಿ ನೋಡಿ, "ತಂಗೀ, ದುಡ್ಡಾದರೂ ರೂಪಾಯಿಯಲ್ಲೇ ಇದೆಯೋ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನುಡಿಯನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕ ಇತ್ತು, ಅದನ್ನು ಮೊದಲೇ ಬಳಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಪರಿವರ್ತಿಸಿದ ಮೇಲೂ ಪರಮೇಶ್ವರ, ಮೂರ್ತಿ ಇಂಥ ಹೆಸರುಗಳ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಬೇಕಾಯಿತು. ರಾತ್ರಿ ಹತ್ತರವರೆಗೆ ಕುಳಿತಿದ್ದೇವೆ. ನೀನು ಪಟ್ಟಿಯನ್ನು ಈಗಲೇ ಯುನಿಕೋಡ್ ಮಾಡಿಟ್ಟುಕೋ. ಹೊಸದು ಕೊಂಡರೂ ಕೊಳ್ಳದಿದ್ದರೂ ಆ ಕೆಲಸ ದಂಡವಾಗುವುದಿಲ್ಲ.

ಬಂದಿರುವ ಮಾರಾಟಗಾರರ ಬಗ್ಗೆ. ಎಲ್ಲವೂ ಇಂಟರ್ನೆಟ್ ಮೇಲೆಯೇ ಇರುತ್ತದೆ, ತಿಂಗಳಿಗಿಷ್ಟು ಕಟ್ಟಿ ಎನ್ನುತ್ತಿದ್ದಾರೆ. ಆಷಾಢದಲ್ಲಿ ಮರ ಬಿದ್ದು ಎರಡು ದಿನ ನೆಟ್‌ವರ್ಕ್ ಇಲ್ಲದಾಗ ಲಾಟ್ ತಂದ ರೈತನಿಗೆ ಏನು ಕೊಡುತ್ತೀಯ, ಕೈಚೀಟಿಯೇ? ಮಂಡಿಯ ಕಂಪ್ಯೂಟರಿನಲ್ಲೇ ಕೂರುವ ತಂತ್ರಾಂಶ ನನಗೆ ಹೆಚ್ಚು ಸರಿ ಎನಿಸುತ್ತದೆ, ಬ್ಯಾಕಪ್ ಬೇಕಾದರೆ ಹೊರಗೂ ಇರಲಿ. ಅವರನ್ನು ಬೆಲೆ ಕೇಳುವ ಮೊದಲು ಒಂದು ಮಾತು ಕೇಳು: ನಾಳೆ ನಾವು ನಿಮ್ಮನ್ನು ಬಿಟ್ಟರೆ ನಮ್ಮ ಡೇಟಾ ನಮಗೆ ಯಾವ ರೂಪದಲ್ಲಿ ಕೈಗೆ ಕೊಡುತ್ತೀರಿ? ಎಕ್ಸೆಲ್‌ನಲ್ಲಿ ಕೊಡುತ್ತೇವೆ, ಬರೆದುಕೊಡುತ್ತೇವೆ ಎಂದರೆ ಮುಂದೆ ಮಾತಾಡು. ಅದೆಲ್ಲ ಆಮೇಲೆ ನೋಡೋಣ ಎಂದರೆ ಚಹಾ ಕುಡಿಸಿ ಕಳಿಸು.

ಈ ವಿಷಯದಲ್ಲಿ ಹಳೆಯ ಫಾಕ್ಸ್‌ಪ್ರೋ ಒಳ್ಳೆಯದು, ಭಾವನ ಪರವಾಗಿ ಇದನ್ನು ಒಪ್ಪಿಕೊಳ್ಳುತ್ತೇನೆ. ಅದು ಲೆಕ್ಕ ಇಟ್ಟುಕೊಳ್ಳುವ ಡಿಬಿಎಫ್ ಕಡತಗಳಿಗೆ ಬೀಗ ಇಲ್ಲ. ಲಿಬ್ರೆ ಆಫೀಸ್ ಉಚಿತ, ಅದರಲ್ಲಿ ನೇರವಾಗಿ ತೆರೆಯುತ್ತವೆ. ಪ್ರೋಗ್ರಾಂ ಬರೆದುಕೊಟ್ಟವರು ಹುಬ್ಬಳ್ಳಿಗೆ ಹೋಗಿ ಫೋನ್ ಎತ್ತುತ್ತಿಲ್ಲ ಎಂದು ಹೆದರಬೇಡ.

ಹೊಸದನ್ನು ಮಳೆಗಾಲದಲ್ಲಿ ತಂದು ಹಾಕಿಸು. ರೈತರೆಲ್ಲ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿರುತ್ತಾರೆ, ಮಂಡಿಯಲ್ಲಿ ಕೈ ಸ್ವಲ್ಪ ಬಿಡುವಾಗಿರುತ್ತದೆ. ದಿನದ ಬಿಲ್ಲುಗಳನ್ನು ಎರಡರಲ್ಲೂ ಹಾಕು, ಸಂಜೆ ಎರಡರ ಮೊತ್ತ ತಾಳೆ ನೋಡು. ಕೊಯ್ಲಿನ ಹೊತ್ತಿಗೆ ಹೊಸದು ಕೈಗೆ ಹತ್ತಿರುತ್ತದೆ. ಹಳೆಯದಕ್ಕೆ ಬಾಗಿಲು ಹಾಕುವುದು ಮುಂದಿನ ಏಪ್ರಿಲ್ 1ಕ್ಕೆ, ಆರಂಭದ ಶಿಲ್ಕು ಎಲ್ಲ ಸರಿ ಬಂದ ಮೇಲೆ.

ಭಾನುವಾರ ನಾನು ಘಟ್ಟ ಹತ್ತಿ ಬರುತ್ತೇನೆ, ಬಸ್ ಇದ್ದರೆ. ಅಷ್ಟರೊಳಗೆ ಎರಡು ಪೆನ್‌ಡ್ರೈವ್‌ಗಳಿಗೆ ಹಳೆಯ ಬಿಲ್ಲಿಂಗ್ ಪ್ರೋಗ್ರಾಂನ ಫೋಲ್ಡರನ್ನು ಇಡಿಯಾಗಿ ನಕಲು ಮಾಡು. ಡಿಬಿಎಫ್ ಮಾತ್ರ ಆರಿಸಿಕೊಳ್ಳಬೇಡ, ಎಫ್‌ಪಿಟಿ ಎಂದಿರುವುದೂ ಬೇಕು, ನೀವು ಬರೆದ ಷರಾಗಳು ಅದರಲ್ಲಿರುತ್ತವೆ. ಒಂದು ಪೆನ್‌ಡ್ರೈವ್ ಮನೆಗೆ ತಾ, ಇನ್ನೊಂದನ್ನು ಮಾಲೀಕರ ಕೈಗೆ ಕೊಡು. ಇವತ್ತು ಸಂಜೆಯೇ ಮಾಡು, ಇಲ್ಲಿಂದ ನೋಡಿದರೆ ಘಟ್ಟದ ಕಡೆ ಮೋಡ ಕಪ್ಪಾಗಿದೆ. ನಕಲು ಮುಗಿದ ಮೇಲೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಟ್ಟು ಹೋಗು.