ನಮ್ಮ ಮತದಾನದಲ್ಲಿ ಜೋ ಥಾಮಸ್ ಕೊನೆಯವನಾದದ್ದು ಸರಿಯೇ? ಹಾಲ್ ಆಫ್ ಫೇಮ್ ಅರ್ಹತೆಯ ಅಳತೆಗೋಲು ಯಾವುದು?

ಪ್ರಶ್ನೆ: ರಾತ್ರಿಪಾಳಿ, ತೋರಣಗಲ್ಲು (ಬಳ್ಳಾರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಾವು ಹತ್ತು ಮಂದಿ ಗೆಳೆಯರು ಕೆಲವು ವರ್ಷಗಳಿಂದ ಅಮೆರಿಕನ್ ಫುಟ್‌ಬಾಲ್ ನೋಡುತ್ತ ಬಂದಿದ್ದೇವೆ. ಅಲ್ಲಿನ ಭಾನುವಾರ ಮಧ್ಯಾಹ್ನದ ಪಂದ್ಯಗಳು ಇಲ್ಲಿ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರುವಾಗುವುದರಿಂದ, ಪಾಳಿಯ ಕೆಲಸದಿಂದಾಗಿ ನಿದ್ದೆಗೆಟ್ಟು ರೂಢಿಯಿರುವ ನಮಗೆ ಅದೊಂದು ತೊಂದರೆಯೇ ಅಲ್ಲ.

ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ 1963ರಲ್ಲಿ ತೆರೆದ ವೃತ್ತಿಪರ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಟಗಾರರನ್ನು ಆರಿಸುವ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು. ಬಹುಪಾಲು ಕ್ರೀಡಾ ಪತ್ರಕರ್ತರೇ ಇರುವ 50 ಮಂದಿಯ ಸಮಿತಿ ಗೋಪ್ಯವಾಗಿ ಚರ್ಚಿಸಿ ಪಟ್ಟಿಯನ್ನು ಇಳಿಸುತ್ತ ಬಂದು, ಕೊನೆಯ ಸುತ್ತಿನಲ್ಲಿ ಉಳಿದ ಏಳು ಮಂದಿಯಲ್ಲಿ ತಲಾ ಐವರಿಗೆ ಮತ ಹಾಕುತ್ತದೆ. ಶೇಕಡಾ 80ರಷ್ಟು ಮತ ಸಿಕ್ಕವನು ಒಳಗೆ ಹೋಗುತ್ತಾನೆ. ಇದೇ ನಿಯಮವನ್ನಿಟ್ಟುಕೊಂಡು ನಾವೂ ಒಂದು ಮತದಾನ ನಡೆಸಿದೆವು. ಈಗಾಗಲೇ ಗೌರವ ಪಡೆದವರನ್ನೂ ಹೊಸದಾಗಿ ಬಂದವರೆಂದೇ ಭಾವಿಸಬೇಕು ಎಂಬುದು ನಮ್ಮ ಷರತ್ತಾಗಿತ್ತು. ಹತ್ತರಲ್ಲಿ ಬಿದ್ದ ಮತಗಳು ಹೀಗಿವೆ: ಟೆರೆಲ್ ಓವೆನ್ಸ್ 10, ಈಲೈ ಮ್ಯಾನಿಂಗ್ 9, ಫ್ರ್ಯಾಂಕ್ ಗೋರ್ 9, ಟೆರೆಲ್ ಡೇವಿಸ್ 7, ಜೋ ನೇಮತ್ 6, ಕೆನ್ ಆಂಡರ್ಸನ್ 5, ಜೋ ಥಾಮಸ್ 4.

ಹಾಗಾಗಿ ನಮ್ಮ ಲೆಕ್ಕದಲ್ಲಿ ಮೊದಲ ಮೂವರು ಮಾತ್ರ ಆಯ್ಕೆಯಾದರು. ಆದರೆ ನಿಜವಾದ ಸಮಿತಿ ಈಲೈ ಮ್ಯಾನಿಂಗ್‌ಗೆ 2025ರ ಮೊದಲ ಅವಕಾಶದಲ್ಲಿ ಬಾಗಿಲು ತೆರೆಯಲಿಲ್ಲ. ನಮ್ಮಲ್ಲಿ ಕೊನೆಯವನಾದ ಜೋ ಥಾಮಸ್‌ನನ್ನು 2023ರಲ್ಲಿ, ಅರ್ಹತೆ ಬಂದ ಮೊದಲ ವರ್ಷವೇ, ಒಳಗೆ ಕರೆದುಕೊಂಡಿತು. ದೂರದಿಂದ ನೋಡುವ ನಮಗೂ ಹತ್ತಿರದಿಂದ ನೋಡುವ ಅವರಿಗೂ ಇಷ್ಟು ಅಂತರ ಏಕೆ? ಅಂಕಿ, ಪ್ರಶಸ್ತಿ, ಸೂಪರ್ ಬೌಲ್ (ಋತುವಿನ ಅಂತಿಮ ಪಂದ್ಯ) ಗೆದ್ದವರಿಗೆ ಸಿಗುವ ಉಂಗುರ ಇವುಗಳಲ್ಲಿ ಯಾವುದನ್ನು ಮುಂದಿಟ್ಟು ಅರ್ಹತೆಯನ್ನು ತೀರ್ಮಾನಿಸಬೇಕು? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಶಕ್ತಿನಗರದ ಎಂಜಿನಿಯರ್ (ರಾಯಚೂರು)

ಸರ್, ಮೊದಲು ಮತದಾನದ ಲೆಕ್ಕವನ್ನೇ ನೋಡೋಣ, ಏಕೆಂದರೆ ಅರ್ಧ ಉತ್ತರ ಅಲ್ಲೇ ಇದೆ. 50 ಮಂದಿ ತಲಾ ಐದು ಮತ ಹಾಕಿದರೆ ಒಟ್ಟು 250 ಮತಗಳಾಗುತ್ತವೆ. ಅವನ್ನು ಏಳು ಮಂದಿಗೆ ಹಂಚಿದರೆ ಸರಾಸರಿ ಒಬ್ಬನಿಗೆ 36ಕ್ಕೂ ಕಡಿಮೆ, ಆದರೆ ಬೇಕಾದದ್ದು 40. ಅಂದರೆ ಏಳು ಮಂದಿಯೂ ಹೆಚ್ಚುಕಡಿಮೆ ಸಮಾನ ಯೋಗ್ಯರಾಗಿದ್ದರೆ ಒಬ್ಬನೂ ಗೆರೆ ದಾಟದಿರುವ ಸಂಭವವಿದೆ. ಅದಕ್ಕೇ ಕನಿಷ್ಠ ಮೂವರಾದರೂ ಆಯ್ಕೆಯಾಗಬೇಕೆಂಬ ನಿಯಮವನ್ನೂ ಇಟ್ಟಿದ್ದಾರೆ. 2025ರಲ್ಲಿ ಆದದ್ದೂ ಇಷ್ಟೇ: ಇತ್ತೀಚಿನ ಆಟಗಾರರ ವಿಭಾಗದಿಂದ ಮೂವರು, ಹಿರಿಯರ ವಿಭಾಗದಿಂದ ಸ್ಟರ್ಲಿಂಗ್ ಶಾರ್ಪ್, ಒಟ್ಟು ನಾಲ್ವರು. ಆದ್ದರಿಂದ ಒಂದು ವರ್ಷ ಹೊರಗುಳಿದವನನ್ನು ಅನರ್ಹನೆಂದು ತಿಳಿಯಬಾರದು. ಆ ವರ್ಷ ಅವನ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದೂ ಮುಖ್ಯವಾಗುತ್ತದೆ. ಇನ್ನೊಂದು ಮಾತು: ಆಡಿ 25 ವರ್ಷ ದಾಟಿದ ನೇಮತ್, ಆಂಡರ್ಸನ್ ಅಂಥವರು ಇಂದಿನ ನಿಯಮದ ಪ್ರಕಾರ ಹಿರಿಯರ ವಿಭಾಗಕ್ಕೆ ಸೇರುತ್ತಾರೆ, ಅವರನ್ನು ಗೋರ್ ಜೊತೆ ಒಂದೇ ಪಟ್ಟಿಯಲ್ಲಿಟ್ಟದ್ದು ನಿಮ್ಮ ಮನೆಯ ನಿಯಮ.

ಇನ್ನು ಅಂಕಿಗಳ ವಿಷಯ. ಎರಡು ಕಾಲದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಈ ಚರ್ಚೆಯ ದೊಡ್ಡ ಬಲೆ. 1961ರಿಂದ ಒಂದು ಋತುವಿನಲ್ಲಿ 14 ಪಂದ್ಯಗಳಿದ್ದವು, 1978ರಿಂದ 16 ಆದವು, 2021ರಿಂದ 17. ಅದೇ 1978ರಲ್ಲಿ, ಚೆಂಡು ಹಿಡಿಯಲು ಓಡುವ ಆಟಗಾರನನ್ನು ಐದು ಗಜದ ಆಚೆ ರಕ್ಷಕರು ತಡೆಯಬಾರದೆಂಬ ನಿಯಮ ಬಂತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳು ಕೈ ಚಾಚಿ ಅಂಗೈ ತೆರೆದು ಎದುರಾಳಿಯನ್ನು ತಡೆಯಲು ಅವಕಾಶವಾಯಿತು. ಅಲ್ಲಿಂದ ಮುಂದೆ ಪಾಸಿಂಗ್ (ಚೆಂಡು ಎಸೆತದ) ಅಂಕಿಗಳು ಉಬ್ಬುತ್ತಲೇ ಹೋದವು. ನೇಮತ್ 1967ರಲ್ಲಿ 14 ಪಂದ್ಯಗಳಲ್ಲೇ 4,007 ಗಜ ಎಸೆದ. ಮತ್ತೊಬ್ಬ ಆ ನಾಲ್ಕು ಸಾವಿರದ ಗೆರೆ ದಾಟಲು 1979ರಲ್ಲಿ ಡ್ಯಾನ್ ಫೌಟ್ಸ್ ಬರಬೇಕಾಯಿತು. ಸ್ಯಾಕ್‌ಗಳನ್ನಂತೂ (ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುನ್ನವೇ ಅವನನ್ನು ಕೆಡವುವುದು) 1982ಕ್ಕೆ ಮುಂಚೆ ಅಧಿಕೃತವಾಗಿ ಎಣಿಸುತ್ತಲೇ ಇರಲಿಲ್ಲ. ಹೆಸರಾಂತ ರಕ್ಷಕ ಲಾರೆನ್ಸ್ ಟೇಲರ್‌ನ ಮೊದಲ ವರ್ಷ 1981 ಆದ್ದರಿಂದ ಆ ವರ್ಷದ ಸ್ಯಾಕ್‌ಗಳು ಅವನ ಅಧಿಕೃತ 132.5ರಲ್ಲಿ ಸೇರಿಲ್ಲ.

ಹಾಗಾಗಿ ನನ್ನ ಅಳತೆಗೋಲು ಒಂದೇ. ಅದೇ ವರ್ಷಗಳಲ್ಲಿ, ಅದೇ ಸ್ಥಾನದಲ್ಲಿ ಆಡಿದ ಉಳಿದವರ ನಡುವೆ ಈತ ಎಷ್ಟನೆಯವನು, ಮತ್ತು ಎಷ್ಟು ವರ್ಷ ಆ ಜಾಗದಲ್ಲಿ ನಿಂತ? ಈ ಅಳತೆಯಲ್ಲಿ ಕೆನ್ ಆಂಡರ್ಸನ್ ಈಲೈ ಮ್ಯಾನಿಂಗ್‌ಗಿಂತ ಮೇಲೇರುತ್ತಾನೆ. ಆಂಡರ್ಸನ್ ನಾಲ್ಕು ಬಾರಿ ಪಾಸರ್ ರೇಟಿಂಗ್‌ನಲ್ಲಿ (ಎಸೆತಗಾರರನ್ನು ಅಳೆಯುವ ಅಂಕ) ಇಡೀ ಲೀಗ್‌ಗೆ ಮೊದಲಿಗ, 1981ರ ಅತ್ಯಮೂಲ್ಯ ಆಟಗಾರ. 1982ರಲ್ಲಿ ಎಸೆದದ್ದರಲ್ಲಿ ಶೇಕಡಾ 70.6ರಷ್ಟನ್ನು ಗುರಿ ಮುಟ್ಟಿಸಿದ ಅವನ ದಾಖಲೆ 2009ರವರೆಗೂ ಉಳಿಯಿತು. ಈಲೈ 57,023 ಗಜ ಎಸೆದಿದ್ದಾನೆ, ನಿಜ. ಆದರೆ 16 ಋತುಗಳಲ್ಲಿ ಒಮ್ಮೆಯೂ ಆಲ್ ಪ್ರೊ (ವರ್ಷದ ಶ್ರೇಷ್ಠ ಆಟಗಾರರ ಪಟ್ಟಿಗೆ ಸೇರಿದವನು) ಆಗಲಿಲ್ಲ, ಮೂರು ಬಾರಿ ಇಂಟರ್‌ಸೆಪ್ಷನ್‌ಗಳಲ್ಲೇ (ಎದುರಾಳಿಯ ಕೈಗೆ ಸಿಕ್ಕ ಎಸೆತಗಳು) ಲೀಗ್‌ಗೆ ಮೊದಲಿಗನಾದ, ಗೆಲುವು ಸೋಲು 117-117. ಆಂಡರ್ಸನ್ ಇನ್ನೂ ಹೊರಗೇ ಇರುವಾಗ ಈಲೈಗೆ ಒಂಬತ್ತು ಮತ ಹಾಕಿದ ನಿಮ್ಮ ಗೆಳೆಯರು ಅದಕ್ಕೆ ಕಾರಣ ಹೇಳಬೇಕು.

ಉತ್ತರ 2: ಗಂಗಾವತಿಯ ದೈಹಿಕ ಶಿಕ್ಷಕಿ (ಕೊಪ್ಪಳ ಜಿಲ್ಲೆ)

ಎಂಜಿನಿಯರ್ ಸರ್ ಹೇಳಿದ ಅಳತೆಗೋಲನ್ನು ನಾನು ಒಪ್ಪುತ್ತೇನೆ, ಆದರೆ ಅದು ಅಂಕಿಗಳಿರುವ ಸ್ಥಾನಗಳಿಗೆ ಮಾತ್ರ ಸಲೀಸು. ನಿಮ್ಮ ಪಟ್ಟಿಯಲ್ಲಿ ಜೋ ಥಾಮಸ್ ಕೊನೆಗೆ ಉಳಿದದ್ದು ಏಕೆಂದರೆ ಅವನು ಚೆಂಡನ್ನು ಮುಟ್ಟುವವನೇ ಅಲ್ಲ. ಆಫೆನ್ಸಿವ್ ಲೈನ್‌ಮನ್‌ಗೆ ಗಜವಿಲ್ಲ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಇಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ದಿನ ಟಿ.ವಿ. ವಿವರಣೆಕಾರರು ಅವನ ಹೆಸರನ್ನೇ ಎತ್ತುವುದಿಲ್ಲ, ತಪ್ಪಿದ ದಿನ ಮಾತ್ರ ಮೂರು ಬಾರಿ ಮರುದೃಶ್ಯ ತೋರಿಸುತ್ತಾರೆ. ಅಂಥವನನ್ನು ಅಳೆಯಲು ಉಳಿಯುವುದು ಎರಡೇ ದಾರಿ: ಪಂದ್ಯದ ಚಿತ್ರಣವನ್ನು ಚೆಂಡಿನ ಮೇಲೆ ಕಣ್ಣಿಡದೆ ಲೈನ್‌ನ ಮೇಲೆ ಕಣ್ಣಿಟ್ಟು ನೋಡುವುದು, ಮತ್ತು ಅವನ ಎದುರಿಗೆ ನಿಂತು ಆಡಿದವರ ಅಭಿಪ್ರಾಯವನ್ನು ಕೇಳುವುದು. ಇತ್ತೀಚೆಗೆ ಸಮಿತಿಯಲ್ಲಿ ಪತ್ರಕರ್ತರ ಜೊತೆಗೆ ಕೆಲವು ಮಾಜಿ ಆಟಗಾರರನ್ನೂ ತರಬೇತುದಾರರನ್ನೂ ಸೇರಿಸಿಕೊಂಡಿರುವುದು ಈ ದೃಷ್ಟಿಯಿಂದ ಒಳ್ಳೆಯ ಕೆಲಸ ಎಂದು ನನ್ನ ಅನಿಸಿಕೆ.

ಥಾಮಸ್ 2007ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸೇರಿದವನು ಮೊದಲ ಹತ್ತು ಋತುಗಳಲ್ಲಿ ಹತ್ತೂ ಬಾರಿ ಪ್ರೊ ಬೌಲ್‌ಗೆ (ತಾರಾ ಆಟಗಾರರ ಪಂದ್ಯ) ಆಯ್ಕೆಯಾದ, ಆರು ಬಾರಿ ಮೊದಲ ದರ್ಜೆಯ ಆಲ್ ಪ್ರೊ ಆದ. 2017ರಲ್ಲಿ ತೋಳಿಗೆ ಪೆಟ್ಟಾಗುವವರೆಗೆ ಸತತ 10,363 ಆಟಗಳಲ್ಲಿ ಒಂದನ್ನೂ ಬಿಡದೆ ಕಣದಲ್ಲಿದ್ದ. ಇಲ್ಲಿ ಆಟ ಎಂದರೆ ಪಂದ್ಯವಲ್ಲ, ಚೆಂಡು ಒಮ್ಮೆ ಹಿಂದಕ್ಕೆ ಸರಿದು ನಿಲ್ಲುವವರೆಗಿನ ಒಂದೊಂದು ಸ್ನ್ಯಾಪ್. ಆ ಅವಧಿಯಲ್ಲಿ ಅವನು ಕಾಯ್ದ ಕ್ವಾರ್ಟರ್‌ಬ್ಯಾಕ್‌ಗಳು ಇಪ್ಪತ್ತು ಮಂದಿ. ಅವನಿದ್ದಷ್ಟು ದಿನ ತಂಡ ಒಮ್ಮೆಯೂ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಮುಟ್ಟಲಿಲ್ಲ. ಕೊನೆಯ ವರ್ಷ ಹದಿನಾರಕ್ಕೆ ಹದಿನಾರೂ ಸೋತಿತು. ಸೂಪರ್ ಬೌಲ್ ಉಂಗುರವೇ ಅಳತೆಗೋಲಾಗಿದ್ದರೆ ಥಾಮಸ್‌ಗೆ ಬಾಗಿಲ ಬಳಿಯೂ ಜಾಗವಿರುತ್ತಿರಲಿಲ್ಲ. ಮೊದಲ ವರ್ಷವೇ ಒಳಗೆ ಕರೆದುಕೊಂಡ ಸಮಿತಿ, ತಂಡದ ಸೋಲನ್ನು ಒಬ್ಬನ ತಲೆಗೆ ಕಟ್ಟಬಾರದು ಎಂಬ ವಿವೇಕವನ್ನು ಅಲ್ಲಿ ತೋರಿಸಿತು. ಇದೇ ವಿವೇಕವನ್ನು ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಮಾತ್ರ ಯಾರೂ ಪಾಲಿಸುವುದಿಲ್ಲ! ಎರಡು ಸೂಪರ್ ಬೌಲ್ ಗೆದ್ದ ಜಿಮ್ ಪ್ಲಂಕೆಟ್ ಒಳಗಿಲ್ಲ ಎಂಬುದನ್ನೂ ಈಲೈ ಪಕ್ಷದವರು ನೆನಪಿಡಬೇಕು.

ಡೇವಿಸ್ ಮತ್ತು ಗೋರ್ ನಡುವಿನ ಪ್ರಶ್ನೆ ಇದಕ್ಕಿಂತ ರುಚಿಕರವಾದದ್ದು. ಗೋರ್ 16 ಋತು, 241 ಪಂದ್ಯ ಆಡಿ, ಚೆಂಡು ಹಿಡಿದು ಸರಿಯಾಗಿ 16,000 ಗಜ ಓಡಿದ. ಎಮಿಟ್ ಸ್ಮಿತ್, ವಾಲ್ಟರ್ ಪೇಟನ್ ಇಬ್ಬರೇ ಅವನಿಗಿಂತ ಮುಂದೆ. ಆದರೂ ಒಂದೇ ಒಂದು ವರ್ಷ ಲೀಗ್‌ನ ಅಗ್ರ ಓಟಗಾರನಾಗಲಿಲ್ಲ, ಮೊದಲ ದರ್ಜೆಯ ಆಲ್ ಪ್ರೊ ಆಗಲಿಲ್ಲ. ಡೇವಿಸ್ ಆಡಿದ್ದು ಬರೀ 78 ಪಂದ್ಯ, ಓಡಿದ್ದು 7,607 ಗಜ. ಆದರೆ 1998ರ ಒಂದೇ ಋತುವಿನಲ್ಲಿ 2,008 ಗಜ, ಆ ವರ್ಷದ ಅತ್ಯಮೂಲ್ಯ ಆಟಗಾರನೆಂಬ ಗೌರವ, ಎಂಟು ಪ್ಲೇಆಫ್ ಪಂದ್ಯಗಳಲ್ಲಿ 1,140 ಗಜ, ಅವುಗಳಲ್ಲಿ ಏಳು ಗೆಲುವು, ಎರಡು ಸೂಪರ್ ಬೌಲ್. ಮೊಣಕಾಲು ಕೈಕೊಟ್ಟ ಮೇಲೆ ಅವನ ಹೆಸರು 2017ರವರೆಗೆ ಕಾಯಬೇಕಾಯಿತು. ಅವನಿಗೆ ದಾರಿ ಮಾಡಿಕೊಟ್ಟದ್ದು ಹಳೆಯ ಉದಾಹರಣೆಯೇ: 68 ಪಂದ್ಯಗಳಷ್ಟೇ ಆಡಿ, ಮೊಣಕಾಲಿನಿಂದಲೇ ಆಟ ಬಿಟ್ಟ ಗೇಲ್ ಸೇಯರ್ಸ್ 1977ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೇ ಒಳಗೆ ಹೋಗಿದ್ದ. ನನ್ನ ಮತ ಡೇವಿಸ್‌ಗೆ. ಗೋರ್‌ನನ್ನು ಅನರ್ಹನೆನ್ನಲಾರೆ, ಏಕೆಂದರೆ ಕಾಲೇಜಿನಲ್ಲೇ ಎರಡೂ ಮೊಣಕಾಲುಗಳ ಲಿಗಮೆಂಟ್ ಹರಿದುಕೊಂಡವನು ಹದಿನಾರು ವರ್ಷ ಓಡಿದ್ದು ಸಣ್ಣ ಮಾತಲ್ಲ. ಆದರೆ ಸರತಿಯಲ್ಲಿ ಡೇವಿಸ್ ಮುಂದಿರಬೇಕು.

ಉತ್ತರ 3: ಕೌಲ್ ಬಜಾರ್ ಹಿರಿಯರು (ಬಳ್ಳಾರಿ)

ಇಬ್ಬರೂ ಸೊಗಸಾಗಿ ಬರೆದಿದ್ದಾರೆ, ಆದರೆ ಇಬ್ಬರೂ ಒಂದು ಅಂಶವನ್ನು ಪಕ್ಕಕ್ಕೆ ಸರಿಸಿದ್ದಾರೆ. ಕೆಲವು ಆಟಗಾರರು ಆಟದ ದಿಕ್ಕನ್ನೇ ಬದಲಿಸುತ್ತಾರೆ, ಅದು ಯಾವ ಸರಾಸರಿಯಲ್ಲೂ ಸಿಗುವುದಿಲ್ಲ. ನೇಮತ್‌ನ ಟಚ್‌ಡೌನ್ 173, ಇಂಟರ್‌ಸೆಪ್ಷನ್ 220. ಕಾಗದದ ಮೇಲೆ ಇದು ಹಾಲ್ ಆಫ್ ಫೇಮ್ ಲೆಕ್ಕವೇ ಅಲ್ಲ. ಆದರೆ ಎ.ಎಫ್.ಎಲ್. ಎಂಬ ಹೊಸ ಲೀಗ್‌ನ ತಂಡಗಳು ಹಳೆಯ ಲೀಗ್ ಎನ್.ಎಫ್.ಎಲ್.ಗೆ ಸಾಟಿಯಲ್ಲ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1969ರ ಜನವರಿಯ ಸೂಪರ್ ಬೌಲ್‌ನಲ್ಲಿ ಗೆದ್ದೇ ಗೆಲ್ಲುತ್ತೇವೆಂದು ಮೊದಲೇ ಸಾರಿ, ಬಲಾಢ್ಯ ಬಾಲ್ಟಿಮೋರ್ ತಂಡವನ್ನು ಸೋಲಿಸಿ ತೋರಿಸಿದವನು ಅವನು. ಆ ಗೆಲುವಿನಿಂದ ಹೊಸ ಲೀಗ್‌ಗೆ ಬಂದ ಮರ್ಯಾದೆಯನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ? ನಮ್ಮ ಗುಂಡಪ್ಪ ವಿಶ್ವನಾಥ್ ಅವರ ಟೆಸ್ಟ್ ಸರಾಸರಿ 42ನ್ನೂ ಮುಟ್ಟುವುದಿಲ್ಲ. ಆದರೂ 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವೇಗಿಗಳ ಎದುರು ಔಟಾಗದೆ ಹೊಡೆದ 97ನ್ನು ರೇಡಿಯೋದಲ್ಲಿ ಕೇಳಿದವರ ಮುಂದೆ ಯಾರಾದರೂ ಸರಾಸರಿಯ ಮಾತೆತ್ತಿ ನೋಡಲಿ.

ಇದೇ ಕಾರಣಕ್ಕೆ ಈಲೈ ಬಗ್ಗೆ ನಾನು ಎಂಜಿನಿಯರ್ ಸಾಹೇಬರಷ್ಟು ಕಠಿಣನಲ್ಲ. ಆ ಋತುವಿನ ಹದಿನಾರು ಲೀಗ್ ಪಂದ್ಯಗಳನ್ನೂ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ತಂಡವನ್ನು 2008ರಲ್ಲಿ, ಅದೇ ತಂಡವನ್ನು ಮತ್ತೆ 2012ರಲ್ಲಿ, ಎರಡೂ ಬಾರಿ ಪಂದ್ಯದ ಕೊನೆಯ ನಿಮಿಷಗಳಲ್ಲಿ ತಂಡವನ್ನು ಮುನ್ನಡೆಸಿ ಸೋಲಿಸಿದ. ಎರಡೂ ಪಂದ್ಯಗಳಲ್ಲಿ ಅವನೇ ಪಂದ್ಯಶ್ರೇಷ್ಠ. ಇವತ್ತಲ್ಲ ನಾಳೆ ಅವನು ಒಳಗೆ ಹೋಗಬೇಕು. ಆದರೆ ಒಂಬತ್ತು ಮತ ಸ್ವಲ್ಪ ಹೆಚ್ಚಾಯಿತು, ಅದನ್ನು ಒಪ್ಪುತ್ತೇನೆ. ಆಂಡರ್ಸನ್ ಅವನಿಗಿಂತ ಮೊದಲು ಹೋಗಲಿ.

ಉತ್ತರ 4: ಮಾನ್ವಿ ವಕೀಲ (ರಾಯಚೂರು ಜಿಲ್ಲೆ)

ಓವೆನ್ಸ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಎರಡು ಮಾತು. ಆಟಗಾರ ಮೈದಾನದಲ್ಲಿ ಮಾಡಿದ್ದನ್ನು ಮಾತ್ರ ಪರಿಗಣಿಸಬೇಕು, ಹೊರಗಿನ ಬದುಕನ್ನಲ್ಲ ಎಂಬುದು ಕ್ಯಾಂಟನ್‌ನ ನಿಯಮ. 1985ರಲ್ಲಿ ಆಯ್ಕೆಯಾದ ಓ.ಜೆ. ಸಿಂಪ್ಸನ್‌ನ ಕಂಚಿನ ಮುಖಶಿಲ್ಪ, ಮುಂದೆ ಕೊಲೆ ಮೊಕದ್ದಮೆ, ಜೈಲು ಅಷ್ಟೆಲ್ಲ ನಡೆದ ಮೇಲೂ ಅಲ್ಲಿಂದ ಕದಲಲಿಲ್ಲ. ಹೀಗಿರುವಾಗ ಎಸೆದ ಚೆಂಡು ಹಿಡಿದೇ 15,934 ಗಜ, 153 ಟಚ್‌ಡೌನ್ ಗಳಿಸಿದ್ದ ಓವೆನ್ಸ್‌ನನ್ನು 2016, 2017 ಎರಡು ವರ್ಷ ಹೊರಗೆ ನಿಲ್ಲಿಸಿದ್ದಕ್ಕೆ, ಅವನು ಡ್ರೆಸ್ಸಿಂಗ್ ರೂಮಿನಲ್ಲಿ ತಂಡಗಳನ್ನು ಒಡೆದ ಎಂಬುದೇ ಹಲವರ ಕಾರಣವಾಗಿತ್ತು. ಡ್ರೆಸ್ಸಿಂಗ್ ರೂಮ್ ಮೈದಾನದ ಭಾಗವೇ ಎಂದು ಅವರ ವಾದ. ವಕೀಲನಾಗಿ ಹೇಳುವುದಾದರೆ, ನಿಯಮವನ್ನು ಹೀಗೆ ಹಿಗ್ಗಿಸಿದರೆ ಅದು ಯಾರ ಕೈಯಲ್ಲಾದರೂ ಹೇಗಾದರೂ ಹಿಗ್ಗುತ್ತದೆ. 2018ರಲ್ಲಿ ಆಯ್ಕೆಯಾದಾಗ ಅವನು ಸಮಾರಂಭಕ್ಕೆ ಹೋಗದೆ, ತಾನು ಕಾಲೇಜು ಓದಿದ ಚಟ್ಟನೂಗದಲ್ಲೇ ಭಾಷಣ ಮಾಡಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಹತ್ತಕ್ಕೆ ಹತ್ತು ಮತ ಕೊಟ್ಟ ತೋರಣಗಲ್ಲಿನವರು ಈ ಒಂದು ವಿಷಯದಲ್ಲಿ ಕ್ಯಾಂಟನ್‌ಗಿಂತ ನೆಟ್ಟಗೆ ನಡೆದಿದ್ದಾರೆ.

ಮೂಲ ಪ್ರಶ್ನೆ ಕೇಳಿದವರು: ರಾತ್ರಿಪಾಳಿ, ತೋರಣಗಲ್ಲು

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಗೆಳೆಯರಿಗೆ ಓದಿ ಹೇಳಿದೆ. ಗೋರ್ ವಿಷಯದಲ್ಲಿ ನಮ್ಮ ಪಾಳಿಯ ಬಹುಮತ ಮೇಡಂ ಅವರ ಮಾತಿಗೆ ಇನ್ನೂ ಬಗ್ಗಿಲ್ಲ: ಹದಿನಾರು ವರ್ಷ ದಿನಾ ಕೆಲಸಕ್ಕೆ ಬಂದವನ ಬೆಲೆ ಪಾಳಿಯವರಿಗೇ ಗೊತ್ತು ಎಂಬುದು ಅವರ ವಾದ, ಮತ್ತು ಅದರಲ್ಲಿ ನನ್ನದೂ ಒಂದು ಮತವಿದೆ.

ಕ್ಯಾಂಟನ್‌ನಲ್ಲಿ ಪ್ರತಿ ಆಟಗಾರನ ಪರವಾಗಿ ಒಬ್ಬ ಸದಸ್ಯ ಎದ್ದು ವಾದ ಮಂಡಿಸಿದ ಮೇಲೆಯೇ ಮತ ಹಾಕುತ್ತಾರೆ. ಆ ಹಂತವನ್ನು ನಾವು ಬಿಟ್ಟಿದ್ದೆವು. ಮುಂದಿನ ಸೂಪರ್ ಬೌಲ್‌ಗೆ ಮುಂಚೆ ಇದೇ ಏಳು ಹೆಸರುಗಳಿಗೆ ಮತ್ತೆ ಮತದಾನ ನಡೆಸುವುದೆಂದು ತೀರ್ಮಾನವಾಗಿದೆ, ಈ ಸಲ ವಾದಮಂಡನೆಯೊಂದಿಗೆ. ಆಂಡರ್ಸನ್ ಪರ ಎಂಜಿನಿಯರ್ ಸರ್ ಬರೆದದ್ದನ್ನೇ ಓದುತ್ತೇವೆ. ಥಾಮಸ್ ಪರ ವಾದಿಸಲು ಮೇಡಂ ಅವರು ಫೋನಿನಲ್ಲಾದರೂ ಹತ್ತು ನಿಮಿಷ ಕೊಡಬಹುದೇ? ಲೈನ್‌ನ ಮೇಲೆ ಕಣ್ಣಿಟ್ಟು ನೋಡಬೇಕಾದ ಒಂದೆರಡು ಪಂದ್ಯಗಳ ಹೆಸರನ್ನೂ ಮೊದಲೇ ತಿಳಿಸಿದರೆ ಎಲ್ಲರೂ ನೋಡಿಕೊಂಡು ಬರುತ್ತಾರೆ.