ಬಿಸಿಸಿ, ಟೆಂಟೆಟಿವ್, ಕ್ಯಾಲೆಂಡರ್: ಕನ್ನಡದಲ್ಲಿ ಏನು? (ತುರ್ತು, ಸಂಜೆ ಮುದ್ರಣಕ್ಕೆ ಹೋಗಬೇಕು)

ಶರಣು. ಕಲಬುರಗಿಯ ಕಚೇರಿಯೊಂದರ ಸಿಬ್ಬಂದಿಗೆ ನಾಳೆ ಇ-ಮೇಲ್ ಮತ್ತು ಕ್ಯಾಲೆಂಡರ್ ತಂತ್ರಾಂಶದ ಪರಿಚಯ ತರಗತಿಯಿದೆ. ಕೈಪಿಡಿ ನನ್ನ ತಲೆಗೆ ಬಿದ್ದಿದೆ. ಡ್ರಾಫ್ಟ್‌ಗೆ ‘ಕರಡು’, ಸಿಸಿಗೆ ‘ಪ್ರತಿ’ ಸರಿಹೋದವು. ಉಳಿದವರಿಗೆ ತಿಳಿಯದಂತೆ ಒಬ್ಬರಿಗೆ ಪ್ರತಿ ಕಳುಹಿಸುವ ಬಿಸಿಸಿಗೆ ‘ಗುಪ್ತ ಪ್ರತಿ’ ಎಂದರೆ ಪತ್ರವೇ ಗೋಪ್ಯ ಎಂದುಕೊಳ್ಳುತ್ತಾರೆ. ಸಭೆಯ ಕರೆಗೆ, ಬರುವುದು ಇನ್ನೂ ಖಚಿತವಿಲ್ಲ ಎಂದು ಕೊಡುವ ಟೆಂಟೆಟಿವ್ ಎಂಬ ಉತ್ತರವನ್ನು ‘ತಾತ್ಕಾಲಿಕ’ ಎಂದು ಬರೆದರೆ ಸಭೆಯೇ ತಾತ್ಕಾಲಿಕವಾಗುತ್ತದೆ. ಕ್ಯಾಲೆಂಡರ್‌ಗೂ ಒಂದು ಪದ ಹೇಳಿ.

ಬೀದರ್‌ನಿಂದ:
ಇ-ಮೇಲ್ ಎಂದು ಬರೆದಲ್ಲೇ ಸೋತಿರಿ. ‘ಮಿಂಚಂಚೆ’ ಇರುವುದು ಏತಕ್ಕೆ? ಅಂಚೆ ಎಂಬುದು ಹಂಸದ ತದ್ಭವ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸವೇ. ಕ್ಯಾಲೆಂಡರ್‌ಗೆ ‘ಪಂಚಾಂಗ’ ಎನ್ನಿ. ಉಳಿದೆರಡು ಚಿಲ್ಲರೆ ವಿಷಯ.

ಯಾದಗಿರಿಯಿಂದ:
ಕೇಳಿದ್ದನ್ನು ಚಿಲ್ಲರೆ ಎಂದು ತಳ್ಳಿ, ಕೇಳದ ಹಂಸವನ್ನು ಹಾರಿಸಿದ್ದೀರಿ. ಹಕ್ಕಿಯ ಅಂಚೆಗೂ ಪತ್ರದ ಅಂಚೆಗೂ ಉಚ್ಚಾರ ಒಂದೇ ಇದ್ದ ಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ. ಅಂಚೆ ಎಂದರೆ ಮೈಸೂರಿನ ಚಿಕ್ಕದೇವರಾಜ ಒಡೆಯರ ವ್ಯವಸ್ಥೆಯ ನೆನಪು. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದ ನಮ್ಮ ಸೀಮೆಯ ಕಚೇರಿಗಳಿಗೆ ‘ಟಪಾಲು’ ಹತ್ತಿರ. ಇನ್ನು ಪಂಚಾಂಗ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಈ ಐದರಲ್ಲಿ ವಾರವೊಂದನ್ನು ಬಿಟ್ಟರೆ ಆ ತಂತ್ರಾಂಶದಲ್ಲಿ ಯಾವುದಿದೆ? ಕ್ಯಾಲೆಂಡರ್ ಎಂದೇ ಇರಲಿ.

ಬಿಸಿಸಿಗೆ ‘ಮರೆಪ್ರತಿ’. ಅಲ್ಲಿ ಪತ್ರ ಎಲ್ಲರಿಗೂ ಒಂದೇ. ಇನ್ನೊಬ್ಬರಿಗೂ ಹೋಗಿದೆ ಎಂಬುದು ಮಾತ್ರ ಉಳಿದವರಿಗೆ ಮರೆ. ಟೆಂಟೆಟಿವ್‌ಗೆ ನಾಮಪದ ಹುಡುಕುವುದೇ ತಪ್ಪು, ಕ್ರಿಯಾಪದ ಇಡಿ: ‘ಬರುತ್ತೇನೆ’, ‘ಬರುವುದಿಲ್ಲ’, ‘ನೋಡಿ ಹೇಳುತ್ತೇನೆ’. ಮೂರನೆಯದನ್ನು ಒತ್ತಿದರೂ ಆ ವೇಳೆ ಅವರ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತದೆ ಎಂದು ಕೆಳಗೆ ಒಂದು ಸಾಲು ಸೇರಿಸಿ.

ಬೀದರ್‌ನಿಂದ:
ಉರ್ದು, ಇಂಗ್ಲಿಷ್ ಎಲ್ಲವನ್ನೂ ತುಂಬಿಕೊಳ್ಳಿ. ಕನ್ನಡಕ್ಕೆ ಒಂದು ಮೂಲೆ ಬಿಟ್ಟರೆ ಸಾಕು.

ಯಾದಗಿರಿಯಿಂದ:
ಅರ್ಜಿ, ಹಾಜರಿ, ತಾರೀಖು, ರಜೆ: ನಾಲ್ಕೂ ಅರಬ್ಬಿ ಮೂಲದವು. ಇವಿಲ್ಲದೆ ಒಂದು ರಜಾ ಚೀಟಿ ಬರೆದು ತೋರಿಸಿ. ನಿಮ್ಮ ಪಂಚಾಂಗವೂ ಸಂಸ್ಕೃತದಿಂದ ತಂದದ್ದೇ. ಎರವಲಿನಲ್ಲಿ ಮಡಿ ಮೈಲಿಗೆ ಏಕೆ?

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:
‘ಮರೆಪ್ರತಿ’, ‘ನೋಡಿ ಹೇಳುತ್ತೇನೆ’ ಎರಡನ್ನೂ ಹಾಕಿದೆ. ಕ್ಯಾಲೆಂಡರ್ ಹಾಗೆಯೇ ಉಳಿಯಿತು. ಇ-ಮೇಲ್ ಕೂಡ; ಸಿಬ್ಬಂದಿ ದಿನವೂ ಆಡುವ ಮಾತು ಅದು. ಈಗ ರಿಮೈಂಡರ್ ಎದುರಾಗಿದೆ. ‘ಜ್ಞಾಪನ’ ಆಗಬಹುದೇ?

ಯಾದಗಿರಿಯಿಂದ:
ಬೇಡವೇ ಬೇಡ. ಕಚೇರಿಯಲ್ಲಿ ಜ್ಞಾಪನ ಎಂದರೆ ಮೆಮೊ. ಸಭೆಗೆ ಹದಿನೈದು ನಿಮಿಷ ಮುಂಚೆ ಪರದೆಯ ಮೇಲೆ ಅದು ಮೂಡಿದರೆ ಗುಮಾಸ್ತರು ವಿವರಣೆ ಬರೆಯಲು ಕುಳಿತುಬಿಡುತ್ತಾರೆ. ‘ನೆನಪೋಲೆ’ ಕಡತದಲ್ಲಿ ಬಳಕೆಯಲ್ಲಿದೆ. ಆದರೆ ಅದು ಉತ್ತರ ಕೊಡದವರಿಗೆ ಕಳುಹಿಸುವ ಕಾಗದ. ಇಲ್ಲಿ ತಮಗೆ ತಾವೇ ನೆನಪು ಮಾಡಿಕೊಳ್ಳುವುದಷ್ಟೆ. ‘ನೆನಪು’ ಎಂದು ಹಾಕಿ ಮುದ್ರಣಕ್ಕೆ ಕೊಡಿ.

ಬೀದರ್‌ನಿಂದ:
‘ನೆನಪು’ ಅಚ್ಚಗನ್ನಡ. ಇದಕ್ಕೆ ನನ್ನ ತಕರಾರಿಲ್ಲ.

ಯಾದಗಿರಿಯಿಂದ:
‘ತಕರಾರು’ ಅರಬ್ಬಿ.