ನಾಲ್ಕು ಹೊತ್ತಿನ ನಾಲ್ಕು ಕ್ವಾರ್ಟೆಟ್

ದೊಡ್ಡಪ್ಪ: ನೀನು ಗುಂಪಿಗೆ ಹಾಕಿದ ಡೆನ್ಮಾರ್ಕಿನ ಸಂಗೀತ ರಚನಕಾರ ವೌನ್ ಹೋಲ್ಮ್‌ಬೋ ಅವರ ಇಪ್ಪತ್ತನೆಯ ಸ್ಟ್ರಿಂಗ್ ಕ್ವಾರ್ಟೆಟ್ಟನ್ನು, ಅಂದರೆ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಯನ್ನು, ನಿನ್ನೆ ಊಟವಾದ ಮೇಲೆ ಪೂರ್ತಿ ಕೇಳಿದೆ. ಹದಿನೇಳರಿಂದ ಇಪ್ಪತ್ತರವರೆಗಿನ ನಾಲ್ಕಕ್ಕೂ ಬೆಳಗು, ಹಗಲು, ಸಂಜೆ, ರಾತ್ರಿ ಎಂಬರ್ಥದ ಇಟಾಲಿಯನ್ ಹೆಸರುಗಳಿರುವಾಗ, ಇದು ಒಂದೊಂದು ರಾಗಕ್ಕೂ ಒಂದೊಂದು ಹೊತ್ತೆನ್ನುವ ನಮ್ಮ ಹಿಂದೂಸ್ತಾನಿಯವರ ರಾಗಸಮಯವಲ್ಲದೆ ಇನ್ನೇನು?

ನಾನು: ದೊಡ್ಡಪ್ಪ, ಆ ಹೋಲಿಕೆ ಹೆಸರಿನಲ್ಲೇ ಮುಗಿದುಹೋಗುತ್ತದೆ. ಲಲಿತ್ ರಾಗವನ್ನು ಯಾರು ಹಾಡಿದರೂ ಅದು ಬೆಳಗಿನ ಜಾವದ್ದೇ, ಏಕೆಂದರೆ ಆ ಹೊತ್ತನ್ನು ಗೊತ್ತುಮಾಡಿದ್ದು ಪರಂಪರೆ. ಇಲ್ಲಿಯಾದರೋ ‘ನೊತ್ತುರ್ನೊ’, ಅಂದರೆ ರಾತ್ರಿಯದು, ಎಂಬುದು ಒಬ್ಬರು ತಮ್ಮ ಒಂದು ಕೃತಿಗೆ, ಈ ಇಪ್ಪತ್ತನೆಯದಕ್ಕೆ, ಇಟ್ಟ ಹೆಸರು, ಅದನ್ನು ಮಟಮಟ ಮಧ್ಯಾಹ್ನ ನುಡಿಸಿದರೂ ಯಾವ ನಿಯಮವೂ ಮುರಿಯುವುದಿಲ್ಲ.

ಅತ್ತೆ: ಅಣ್ಣನ ಮಾತನ್ನು ಅಷ್ಟು ಬೇಗ ತಳ್ಳಿಹಾಕಬೇಡ. 1949ರಿಂದ ತಮ್ಮ ಕ್ವಾರ್ಟೆಟ್ಟುಗಳಿಗೆ ಬರೀ ಸಂಖ್ಯೆ ಹಾಕಿಕೊಂಡು ಬಂದ ಮನುಷ್ಯ, ಎಪ್ಪತ್ತು ದಾಟಿದ ಮೇಲೆ, 1980ರ ದಶಕದಲ್ಲಿ, ಒಂದು ದಿನದ ನಾಲ್ಕು ಹೊತ್ತುಗಳನ್ನು ಸಾಲಾಗಿ ಹೆಸರಿಸುತ್ತಾರೆಂದರೆ ಅದು ಸುಮ್ಮನೆ ಆದದ್ದಲ್ಲ. ಅವರು ಬದುಕಿದ್ದು ಕೋಪನ್‌ಹೇಗನ್ನಿನ ಗದ್ದಲದಲ್ಲಲ್ಲ, ಹೊತ್ತು ಬದಲಾಗುವುದು ಕಣ್ಣಿಗೆ ಕಾಣುವ ಹಳ್ಳಿ ರಾಮ್‌ಲೋಸೆಯಲ್ಲಿ, ಆರೆಸೋ ಸರೋವರದ ಹತ್ತಿರ.

ನಾನು: ಅತ್ತೆ, ಹೆಸರಿಗೆ ಅರ್ಥವಿಲ್ಲವೆಂದು ನಾನು ಹೇಳಲಿಲ್ಲ, ಅದು ರಾಗಸಮಯವಲ್ಲ ಎಂದಷ್ಟೇ ಹೇಳಿದೆ. ಹೋಲಿಸಲೇಬೇಕೆಂದರೆ ಅವರು ‘ಮೆಟಮಾರ್ಫೋಸಿಸ್’ ಎಂದು ಕರೆದ ಕ್ರಮವನ್ನು ಹಿಡಿಯಬೇಕು: ಒಂದು ಸಣ್ಣ ಸ್ವರಗುಚ್ಛ ರೂಪಾಂತರಗೊಳ್ಳುತ್ತ ಇಡೀ ಕೃತಿಯಾಗಿ ಬೆಳೆಯುತ್ತದೆ, ಆಲಾಪದಲ್ಲಿ ನಾಲ್ಕು ಸ್ವರ ಅರಳುವಂತೆ. ಆದರೆ ಅಲ್ಲೂ ವ್ಯತ್ಯಾಸವಿದೆ. ಆಲಾಪಕ್ಕೆ ಮರಳಿ ಬರಲು ಅದೇ ಷಡ್ಜ ಕಾದಿರುತ್ತದೆ, ಹಿಂದೆ ತಂಬೂರಿ ಮೀಟುತ್ತಲೇ ಇರುತ್ತದೆ. ಇಲ್ಲಿ ಎರಡು ಪಿಟೀಲು, ವಿಯೋಲಾ, ಚೆಲ್ಲೋಗಳಲ್ಲಿ ಯಾವುದೂ ಇನ್ನೊಂದಕ್ಕೆ ಪಕ್ಕವಾದ್ಯವಲ್ಲ. (ನೊತ್ತುರ್ನೊ ಎಂದೊಡನೆ ಜೋಗುಳವೆಂದು ತಿಳಿದು ಅರ್ಧಕ್ಕೇ ನಿದ್ದೆ ಹೋದ ನನ್ನ ಅಣ್ಣ ಈ ಚರ್ಚೆಯಲ್ಲಿ ತಲೆ ಹಾಕದಿದ್ದರೆ ಒಳ್ಳೆಯದು.)

ದೊಡ್ಡಪ್ಪ: ಷಡ್ಜದ ಮಾತನ್ನು ಒಪ್ಪಿದೆ, ಹೊತ್ತಿನ ಮಾತನ್ನು ಒಪ್ಪಲಿಲ್ಲ. ಇಪ್ಪತ್ತಕ್ಕೇ ನಿಲ್ಲಿಸಿದರೇ?

ನಾನು: ಇಲ್ಲ. 1996ರಲ್ಲಿ ತೀರಿಕೊಂಡಾಗ ಇನ್ನೊಂದು ಅರ್ಧಕ್ಕೇ ಉಳಿದಿತ್ತು, ಅದನ್ನು ಶಿಷ್ಯ ಪೆರ್ ನೋರ್‌ಗೋರ್ ಪೂರ್ಣಗೊಳಿಸಿದರು. ಹೆಸರು ‘ಕ್ವಾರ್ತೆತ್ತೊ ಸೆರೆನೊ’, ಅಂದರೆ ಪ್ರಶಾಂತ ಕ್ವಾರ್ಟೆಟ್.

ಅತ್ತೆ: ರಾತ್ರಿಯಾದ ಮೇಲೆ ಪ್ರಶಾಂತ! ಅದಕ್ಕೆ ಮಾತ್ರ ಹೊತ್ತಿಲ್ಲ, ನೋಡಿದೆಯಾ?

ದೊಡ್ಡಪ್ಪ: ಮೊದಲು ಬೆಳಗಿನದನ್ನು ಕಳುಹಿಸು. ಐದಕ್ಕೆ ಏಳುತ್ತೇನೆ, ಆಗಲೇ ಕೇಳಿ ಉತ್ತರ ಬರೆಯುತ್ತೇನೆ.